ಮೆಟ್ಟಿಲ ಕೆಳಗಿನ ಸರ್ವರ್

ಬಾಗಲಗುಂಟೆಯ ನಮ್ಮ ಮನೆಯ ಮೆಟ್ಟಿಲ ಕೆಳಗೆ, ಮುಂಚೆ ಚಪ್ಪಲಿ ಬಿಡುತ್ತಿದ್ದ ಜಾಗದಲ್ಲಿ, ಒಂದು ಹಳೆಯ ಕಂಪ್ಯೂಟರ್ ಇದೆ. ಪರದೆಯಿಲ್ಲ, ಕೀಬೋರ್ಡ್ ಇಲ್ಲ, ಬರೀ ಡಬ್ಬ. ಪಕ್ಕದಲ್ಲಿ ಒಂದು ಯುಪಿಎಸ್ಸು. ಇಡೀ ದಿನ ಗುಂಯ್ ಎನ್ನುತ್ತಲೇ ಇರುತ್ತದೆ. ಬಾಡಿಗೆಗೆ ಮನೆ ನೋಡಲು ಬಂದವರು ಮೊದಲು ಕೇಳುವುದು ನೀರಿನ ವಿಚಾರ, ಎರಡನೆಯದು ಇದು ಏನು ಅಂತ. ನೀರು ವಾರಕ್ಕೆ ಎರಡು ಸಲ ಬರುತ್ತದೆ, ಇದು ನಂದು, ಎಂದು ಹೇಳಿ ಮುಗಿಸುತ್ತೇನೆ. ವಿವರಿಸುವ ಚೈತನ್ಯ ಯಾವತ್ತೋ ಹೋಗಿದೆ.

ನಾನು ಪೀಣ್ಯದ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸ ಮಾಡುತ್ತೇನೆ. ಗಾಡಿಗಳಿಗೆ ಹಾಕುವ ಸ್ವಿಚ್ಚುಗಳ ಕಾರ್ಖಾನೆ. ಜೋಡಿಸುವ ಲೈನಿನಲ್ಲಿ ಇರುವವರೆಲ್ಲ ಹೆಂಗಸರು. ಅರ್ಧಕ್ಕರ್ಧ ಉತ್ತರ ಕರ್ನಾಟಕದ ಕಡೆಯಿಂದ ಬಂದು ರಾಜಗೋಪಾಲನಗರದಲ್ಲಿ ಒಂದೊಂದು ರೂಮು ಹಿಡಿದವರು. ಮದುವೆಗೆ ಮುಂಚೆ ಕಂಪ್ಯೂಟರ್ ಡಿಪ್ಲೊಮಾ ಮಾಡಿದ್ದೆನೆಂಬ ಒಂದೇ ಕಾರಣಕ್ಕೆ ಅಲ್ಲಿ ಯಾರ ಫೋನು ಕೆಟ್ಟರೂ ನನ್ನ ಮೇಜಿಗೆ ಬರುತ್ತದೆ. ಫೋನು ರಿಪೇರಿಗೂ ನಾನು ಓದಿದ್ದಕ್ಕೂ ಏನೇನೂ ಸಂಬಂಧವಿಲ್ಲ. ಹೇಳಿದರೆ ಯಾರು ಕೇಳುತ್ತಾರೆ.

ನಮ್ಮಲ್ಲಿ ಪಾಳಿ ಬದಲಿ ಎಂಬ ಒಂದು ಪದ್ಧತಿ ಇದೆ. ರಜೆ ಕೇಳಿದರೆ ಮುಖ ಸಿಂಡರಿಸುವ ಶಿಫ್ಟ್ ಇನ್‌ಚಾರ್ಜು, ನಿಮ್ಮ ಬದಲಿಗೆ ಇನ್ನೊಬ್ಬರು ನಿಲ್ಲುತ್ತಾರೆ ಅಂದರೆ ಏನೂ ಅನ್ನುವುದಿಲ್ಲ. ಲೈನಿನಲ್ಲಿ ಸ್ಟೂಲು ಖಾಲಿ ಇರಬಾರದು, ಅಷ್ಟೇ ಅವನಿಗೆ. ಹೀಗಾಗಿ ಬದಲಿ ಸಿಕ್ಕವಳಿಗೆ ಕೆಲಸ ಉಳಿಯುತ್ತದೆ, ಸಿಗದವಳಿಗೆ ಎಚ್ಚರಿಕೆಯ ಪತ್ರ ಬರುತ್ತದೆ. ಬದಲಿ ಕೇಳುವುದೆಲ್ಲ ಫೋನಿನ ಗುಂಪಿನಲ್ಲಿ. ಎಲ್ಲರ ಫೋನಿನಲ್ಲೂ ಇರುತ್ತದಲ್ಲ, ಆ ಹಸಿರು ಆ್ಯಪ್ಪಿನಲ್ಲಿ. 'ಗುರುವಾರ ಫಸ್ಟ್ ಶಿಫ್ಟ್ ಯಾರಾದ್ರೂ ನಿಲ್ತೀರಾ' ಎಂದು ಹಾಕಿದರೆ ಯಾರೋ ಒಬ್ಬರು 'ನಾನ್ ನಿಲ್ತೀನಿ' ಎನ್ನುತ್ತಾರೆ. ನಡುವೆ ಶುಭೋದಯ, ಗುಲಾಬಿ ಹೂವು, ಹಸಿ ಮೆಣಸಿನಕಾಯಿಯಿಂದ ಕ್ಯಾನ್ಸರ್ ವಾಸಿಯಾದ ಕಥೆ.

ಆ ಗುಂಪಿನಲ್ಲಿ ಗಂಡಸರೂ ಇದ್ದಾರೆ. ಮೂರೂ ಶೆಡ್ಡಿನವರು, ಲೋಡಿಂಗಿನವರು, ಕಂಟ್ರಾಕ್ಟರಿನ ಕಡೆಯವರು. ಯಾರನ್ನು ಯಾರು ಸೇರಿಸಿದರೋ ದೇವರಿಗೇ ಗೊತ್ತು. ಗುಂಪಿಗೆ ಸೇರಿದವರ ನಂಬರು ಎಲ್ಲರಿಗೂ ಕಾಣುತ್ತದೆ. ಕಂಡರೆ ಏನಾಗುತ್ತದೆ ಎಂಬುದು ಹೆಂಗಸರಿಗೆ ಮಾತ್ರ ಗೊತ್ತಿರುವ ವಿಷಯ. ಮೊದಲು 'ಹಾಯ್' ಬರುತ್ತದೆ. ಆಮೇಲೆ 'ಊಟ ಆಯ್ತಾ'. ಉತ್ತರ ಕೊಡದಿದ್ದರೆ 'ಯಾಕೆ ಕೋಪ'.

ಕೊಪ್ಪಳದ ಕಡೆಯ ಒಬ್ಬಳು ನಮ್ಮ ಲೈನಿನಲ್ಲಿದ್ದಳು. ಗಂಡ ಊರಲ್ಲೇ, ಸಂಬಂಧ ಅಷ್ಟಕ್ಕಷ್ಟೇ. ಇವಳು ಮಗನನ್ನು ಕರೆದುಕೊಂಡು ಬಂದಿದ್ದಳು. ಆ ಮಗುವಿಗೆ ಹುಟ್ಟಿನಿಂದಲೇ ರಕ್ತದ ಕಾಯಿಲೆ. ಮೂರು ನಾಲ್ಕು ವಾರಕ್ಕೊಮ್ಮೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಹಾಕಿಸಲೇಬೇಕು. ಹಾಕಿಸುವ ದಿನ ಬೆಳಗಿನಿಂದ ಸಂಜೆಯವರೆಗೆ ಅಲ್ಲೇ. ಅಂದಮೇಲೆ ಪಾಳಿ ಬದಲಿಯೇ ಅವಳ ಕೆಲಸದ ಜೀವ. ನಾಗಾ ಹಾಕಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಇಎಸ್ಐ ಆಸ್ಪತ್ರೆಯೂ ಹೋಗುತ್ತದೆ.

ಲೋಡಿಂಗ್ ನೋಡಿಕೊಳ್ಳುವವನೊಬ್ಬ ಅವಳ ನಂಬರು ಹಿಡಿದುಕೊಂಡ. ಬ್ಲಾಕ್ ಮಾಡಿದರೆ ಬೇರೆ ನಂಬರಿನಿಂದ ಬಂದ. ನಾವು ನಾಲ್ಕು ಜನ ಹೆಂಗಸರು ಹೋಗಿ ಹೇಳಿದೆವು. ಆಫೀಸಿನವರು "ಫೋನಿನ ವಿಷಯ ಪರ್ಸನಲ್ ಕಣ್ರೀ, ಅದು ಗೇಟಿನ ಹೊರಗಿಂದು" ಎಂದು ಕೈತೊಳೆದುಕೊಂಡರು. ಕೊನೆಗೆ ಅವಳು ಸಿಮ್ಮೇ ಬದಲಿಸಿದಳು. ಹೊಸ ನಂಬರಿನಿಂದ ಗುಂಪಿಗೆ ಸೇರಿದರೆ ಅದೂ ಅವನಿಗೆ ಕಾಣುತ್ತದೆ. ಸೇರದಿದ್ದರೆ ಬದಲಿ ಸಿಗುವುದಿಲ್ಲ. ಒಂದು ತಿಂಗಳು ಒಬ್ಬೊಬ್ಬರ ಸ್ಟೂಲಿನ ಹತ್ತಿರ ಹೋಗಿ ಬಾಯಿಬಿಟ್ಟು ಕೇಳಿದಳು. ಆ ತಿಂಗಳೇ ಅವಳಿಗೆ ಎಚ್ಚರಿಕೆಯ ಪತ್ರ ಬಂತು.

ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನಾನು ಮಾಡುವ ಕೆಲಸಗಳು ಆಮೇಲೆ ನನ್ನ ಕೊರಳಿಗೇ ಸುತ್ತಿಕೊಳ್ಳುತ್ತವೆ, ಅದು ಮೊದಲಿನಿಂದಲೂ ಹಾಗೇ. ನಂಬರೇ ಬೇಡದ ಗುಂಪು ಮಾಡಬಹುದೆಂದು ಎಲ್ಲೋ ಓದಿದ್ದೆ. ಯಾರೋ ಪುಣ್ಯಾತ್ಮರು ಬರೆದು, ಯಾರು ಬೇಕಾದರೂ ಹಾಕಿಕೊಳ್ಳಿ ಎಂದು ಬಿಟ್ಟುಕೊಟ್ಟಿರುವ ತಂತ್ರಾಂಶ. ಅದನ್ನು ನಮ್ಮದೇ ಕಂಪ್ಯೂಟರಿನಲ್ಲಿ ಕೂರಿಸಿ ಇಂಟರ್ನೆಟ್ಟಿಗೆ ಜೋಡಿಸಿದರೆ, ಗುಂಪಿನ ಮಾತೆಲ್ಲ ನಮ್ಮ ಡಬ್ಬದಲ್ಲೇ ಇರುತ್ತದೆ. ಒಳಗೆ ಬರಲು ಒಂದು ಹೆಸರು, ಒಂದು ಪಾಸ್‌ವರ್ಡು ಸಾಕು. ಕಾರ್ಖಾನೆ ಗುಜರಿಗೆ ಹಾಕಲಿದ್ದ ಕಂಪ್ಯೂಟರೊಂದನ್ನು ಕೇಳಿ ತಂದೆ. ಕೆಲವು ಭಾನುವಾರ ಕೂತು, ಅತ್ತು, ಬೈದು, ಕೂರಿಸಿದೆ.

ಹೆಂಗಸರಿಗೆ ಹೇಳಲು ಬಾಡಿಗೆ ಮನೆಯ ಮಾತೇ ಸಾಕಾಯಿತು. ಈ ಸೀಮೆಯಲ್ಲಿ ಹೊಲ ಇದ್ದವರೆಲ್ಲ ಈಗ ಮನೆ ಕಟ್ಟಿ ಬಾಡಿಗೆ ತಿನ್ನುವವರು. ನಮ್ಮ ಮಾವನವರೂ ಹಾಗೇ. ಬದುಕಿದ್ದಷ್ಟು ದಿನ ಬಾಡಿಗೆಯವರ ಬಾಗಿಲು ತಟ್ಟದೆ ಒಳಗೆ ಹೋಗಿ, ಎಷ್ಟು ಜನ ಮಲಗಿದ್ದೀರಿ, ಏನು ಬೇಯಿಸುತ್ತಿದ್ದೀರಿ ಎಂದು ನೋಡಿಕೊಂಡು ಬರುತ್ತಿದ್ದರು. ಅವರದ್ದೇ ಮನೆ, ಕೇಳುವವರಾರು. "ಆ ಹಸಿರು ಆ್ಯಪ್ಪಲ್ಲಿ ನಾವು ಬಾಡಿಗೆಯವರು, ಇದು ನಮ್ಮ ಸ್ವಂತ ಮನೆ" ಎಂದೆ. ಎಲ್ಲರಿಗೂ ತಕ್ಷಣ ಅರ್ಥವಾಯಿತು. ಸ್ವಂತ ಮನೆ ಎಂದರೆ ಸೋರುವ ಸೂರನ್ನು ನಾವೇ ಹತ್ತಿ ನೋಡಬೇಕು ಎಂಬ ಅರ್ಧ ಮಾತ್ರ ಆಗ ಯಾರಿಗೂ ಹೊಳೆಯಲಿಲ್ಲ, ನನಗೂ.

ಆಮೇಲೆ ಶುರುವಾಯಿತು. ಇಲಿ ವೈರು ಕಡಿಯಿತು. ಕೇಬಲ್ಲಿನವನು ಕಂಬ ಬದಲಿಸುವಾಗ ನಮ್ಮ ಮನೆಯದನ್ನೇ ಕತ್ತರಿಸಿ ಹೋದ. ಇಂಟರ್ನೆಟ್ಟಿನವರು ಒಂದು ಮಾತೂ ಹೇಳದೆ ನಮ್ಮ ಡಬ್ಬಕ್ಕಿದ್ದ ಇಂಟರ್ನೆಟ್ ವಿಳಾಸ ಬದಲಿಸಿದರು, ಗುಂಪಿಗೆ ಗುಂಪೇ ಕಾಣೆಯಾಯಿತು. ಪಾಸ್‌ವರ್ಡು ಮರೆತವರು ಎಷ್ಟು ಜನವೆಂದರೆ, ಒಬ್ಬಳಿಗೆ ಅದನ್ನು ಅಂಗೈ ಮೇಲೆ ಬರೆದುಕೊಟ್ಟು ಕಳಿಸಿದೆ, ಸಂಜೆಗೆ ಕೈತೊಳೆದುಕೊಂಡು ಬಂದಳು. "ಅಕ್ಕ, ಗುಂಪು ಬರ್ತಿಲ್ಲ" ಎಂಬ ಮಾತು ಕೇಳಿದರೆ ಈಗಲೂ ಕೈ ಕೇಬಲ್ಲಿನವನ ನಂಬರು ಹುಡುಕುತ್ತದೆ. ಬೇರೆಯವರು ಮಾಡಿದ ಬಿಟ್ಟಿ ಆ್ಯಪ್ಪು ಕೆಟ್ಟರೆ ನೆಟ್‌ವರ್ಕ್ ಸರಿಯಿಲ್ಲ ಎಂದು ಕಾಯುತ್ತಾರೆ. ನನ್ನದು ಕೆಟ್ಟರೆ ಅಕ್ಕನಿಗೆ ಸರಿಯಾಗಿ ಬರುವುದಿಲ್ಲ ಎನ್ನುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

"ಊರ ಉಸಾಬರಿ ನಿಂಗ್ಯಾಕೆ" ಎಂದು ನಮ್ಮ ಮನೆಯವರು ದಿನಕ್ಕೊಮ್ಮೆ ಕೇಳುತ್ತಿದ್ದರು. ಆಗೆಲ್ಲ ಆ ಕೊಪ್ಪಳದವಳ ಮುಖ ಕಣ್ಣ ಮುಂದೆ ಬರುತ್ತಿತ್ತು. ನಮ್ಮ ಗುಂಪಿಗೆ ಬಂದ ಮೇಲೆ ಅವಳಿಗೆ ಒಂದು ಸಲವೂ ಬದಲಿ ತಪ್ಪಲಿಲ್ಲ. ಆಸ್ಪತ್ರೆಯಿಂದ ಬಂದ ದಿನ ಸಂಜೆ 'ರಕ್ತ ಆತ್ರಿ, ಮನಿಗೆ ಬಂದ್ವಿ' ಎಂದು ಬರೆಯುತ್ತಿದ್ದಳು. ಅದನ್ನು ಓದಿದ ದಿನ ಕೇಬಲ್ಲಿನವನ ಮೇಲೂ ನನಗೆ ಕೋಪವಿರುತ್ತಿರಲಿಲ್ಲ.

ಡಬ್ಬ ಮೊದಲು ಅಟ್ಟದ ಮೇಲಿತ್ತು. ಶೀಟಿನ ಬಿಸಿಗೆ ಬೇಸಿಗೆಯಲ್ಲಿ ಪದೇಪದೇ ಆರಿಹೋಗುತ್ತಿತ್ತೆಂದು ಮೆಟ್ಟಿಲ ಕೆಳಗೆ ಇಳಿಸಿದೆ. ಆಗ ಅದು ಮೊದಲ ಸಲ ನಮ್ಮತ್ತೆಯ ಕಣ್ಣಿಗೆ ಬಿತ್ತು.

"ಇದ್ರಾಗೆ ಏನೈತವ್ವ" ಎಂದು ಕೇಳಿದರು.

"ಮಾತು ಐತೆ ಅತ್ತೆ. ನಮ್ ಫ್ಯಾಕ್ಟ್ರಿ ಹೆಣ್ಮಕ್ಳ ಮಾತು" ಎಂದೆ.

"ಅಂಗಾರೆ ಒಳ್ಳೇದೇ ಬುಡು. ಒಂದ್ ಗಳಿಗೇನೂ ಸುಮ್ಕಿರಲ್ಲ ಪಾಪ" ಎಂದು ಅದರ ನೆತ್ತಿ ಮುಟ್ಟಿ ನೋಡಿದರು. ಬಿಸಿಯಾಗಿತ್ತು. ಜ್ವರ ಬಂದ ಮಗುವನ್ನು ಮುಟ್ಟಿದ ಹಾಗೆ ಮುಟ್ಟಿದ್ದು ನನಗೆ ನಗು ತರಿಸಿತ್ತು.

ಆಯುಧಪೂಜೆ ಬಂತು. ಪೀಣ್ಯದಲ್ಲಿ ಯುಗಾದಿ ದೀಪಾವಳಿ ಏನೇ ಇರಲಿ, ದೊಡ್ಡ ಹಬ್ಬ ಇದೇ. ಪ್ರೆಸ್ಸು, ಲೇತು, ಕಂಪ್ರೆಸರ್ ಎಲ್ಲವನ್ನೂ ತೊಳೆದು, ಆರಿಸಿ, ವಿಭೂತಿ ಕುಂಕುಮ ಇಟ್ಟು, ಬಾಳೆಕಂಬ ಕಟ್ಟಿ, ಗೇಟಿನಲ್ಲಿ ಬೂದುಗುಂಬಳ ಒಡೆಯುತ್ತಾರೆ. ಒಮ್ಮೆ ಪೂಜೆ ಮಾಡಿ ಮಲಗಿಸಿದ ಯಂತ್ರವನ್ನು ವಿಜಯದಶಮಿಯ ಮಂಗಳಾರತಿ ಆಗುವವರೆಗೆ ಎಬ್ಬಿಸಬಾರದು. ವರ್ಷವಿಡೀ ದುಡಿಸಿಕೊಂಡವರು ಒಂದು ದಿನವಾದರೂ ಅದಕ್ಕೆ ಕೈಮುಗಿದು ಸುಮ್ಮನಿರಬೇಕು ಎಂಬುದು ಇಲ್ಲಿನ ನಂಬಿಕೆ. ಎಂಥ ಆರ್ಡರು ಇದ್ದರೂ ಯಾವ ಸೇಠೂ ಇದನ್ನು ಮೀರುವುದಿಲ್ಲ.

ನಮ್ಮತ್ತೆ ಮನೆಯಲ್ಲೂ ಅದೇ ಕಟ್ಟು. ಈಳಿಗೆಮಣೆ, ಕತ್ತರಿ, ಮಿಕ್ಸಿ, ಸ್ಕೂಟರು, ಕೆಲವು ವರ್ಷಗಳಿಂದ ನಮ್ಮೆಲ್ಲರ ಫೋನುಗಳು. ಫೋನು ಆರಿಸಿ ದೇವರ ಮುಂದೆ ಇಟ್ಟರೆ ಮಾರನೆಯ ಬೆಳಿಗ್ಗೆ ಮತ್ತೆ ಮಂಗಳಾರತಿ ಆದ ಮೇಲೇ ಕೈಗೆ. ನಿಜ ಹೇಳಬೇಕೆಂದರೆ ವರ್ಷದಲ್ಲಿ ನನಗೆ ಆ ಒಂದು ದಿನ ಬಲು ಇಷ್ಟ. ಅವತ್ತು ಮಧ್ಯಾಹ್ನ ಕಾರ್ಖಾನೆಯ ಪೂಜೆ ಮುಗಿಸಿ, ಸ್ವೀಟ್ ಬಾಕ್ಸ್ ಹಿಡಿದು ಮನೆಗೆ ಬಂದು, ಫೋನು ಕೊಟ್ಟು, ಒಬ್ಬಟ್ಟು ತಿಂದು ಮಲಗಿಬಿಟ್ಟೆ. ಮೆಟ್ಟಿಲ ಕೆಳಗೆ ನೋಡಲಿಲ್ಲ. ಗುಂಯ್ ಶಬ್ದ ಇಲ್ಲವೆಂಬುದೂ ಗೊತ್ತಾಗಲಿಲ್ಲ. ಹಬ್ಬದ ದಿನ ಬೀದಿಯಲ್ಲಿ ತಮಟೆ, ಹಾರ್ನು, ಪಟಾಕಿ.

ಮಾರನೆಯ ಬೆಳಿಗ್ಗೆ ಫೋನು ಕೈಗೆ ಬಂತು. ಕೊಪ್ಪಳದವಳು ಹಿಂದಿನ ದಿನ ಮತ್ತೆ ಮತ್ತೆ ಕರೆ ಮಾಡಿದ್ದಳೆಂದು ಫೋನ್ ಕಂಪನಿಯ ಮೆಸೇಜು ಬಂದಿತ್ತು. ನಮ್ಮ ಗುಂಪು ತೆರೆಯಲು ಹೋದೆ, ಬರಲಿಲ್ಲ. ಎದ್ದು ಹೋಗಿ ನೋಡುತ್ತೇನೆ, ಡಬ್ಬಕ್ಕೆ ಹೊಸ ರವಿಕೆ ಕಣ ಹೊದಿಸಿದ್ದಾರೆ. ಹಣೆಯಂಥ ಜಾಗಕ್ಕೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ಮೇಲೆ ಚೆಂಡುಹೂವು, ಮುಂದೆ ಒಂದು ನಿಂಬೆಹಣ್ಣು. ಪ್ಲಗ್ಗು ಕಿತ್ತು, ವೈರನ್ನು ಚೆಂದವಾಗಿ ಸುತ್ತಿ, ಪಕ್ಕಕ್ಕೆ ಇಟ್ಟಿದ್ದರು.

"ಅದೂ ದುಡೀತದಲ್ಲವ್ವ. ವರ್ಸಕ್ಕೊಂದಿನ ಮಲಗ್ಲಿ ಅಂತ ಆರಿಸ್ದೆ. ಪಕ್ಕದ್ದು ಕೀ ಕೀ ಅಂತ ಬಡ್ಕೋತಿತ್ತು, ಅದನ್ನೂ ಆರಿಸ್ದೆ" ಎಂದರು ಅತ್ತೆ.

ಅವರ ಮೇಲೆ ಹೇಗೆ ಕೋಪಿಸಿಕೊಳ್ಳಲಿ. ಆ ಡಬ್ಬವನ್ನು ಇಷ್ಟು ವರ್ಷದಲ್ಲಿ ಒಬ್ಬರಾದರೂ ಗೌರವದಿಂದ ಕಂಡಿದ್ದರೆ ಅದು ಅವರೇ. ಬಟ್ಟೆ ಸರಿಸಿ ಪ್ಲಗ್ಗು ಚುಚ್ಚಿದೆ. ನಮ್ಮತ್ತೆ ಓಡಿಹೋಗಿ ಕರ್ಪೂರ ತಂದು ಅದಕ್ಕೊಮ್ಮೆ ಬೆಳಗಿದರು. ಕಾದೆ. ಕೊಪ್ಪಳದವಳ ಫೋನಿನಲ್ಲೇ ಸಿಕ್ಕಿಹಾಕಿಕೊಂಡಿದ್ದ ಹಿಂದಿನ ದಿನದ ಮಾತುಗಳು ಒಂದಾದ ಮೇಲೊಂದು ಬಂದು ಬಿದ್ದವು.

'ಅಕ್ಕಾರ, ಮಗಗ ಜ್ವರ ಬಂದೈತ್ರಿ. ರಕ್ತ ಭಾಳ ಕಡಿಮಿ ಆಗೈತಂತ. ಹಬ್ಬ ಮುಗದ ಮರುದಿನ ಮುಂಜಾನೇನ ಕರಕೊಂಡು ಬಾ ಅಂದಾರ್ರಿ. ಅವತ್ತು ನಂದು ಫಸ್ಟ್ ಶಿಫ್ಟ್ ಐತಿ. ಯಾರರ ನಿಲ್ತೀರೇನ್ರಿ.'

'ಯಾರರ ಅದೀರೇನ್ರಿ.'

'ಅಕ್ಕಾರ, ಗುಂಪು ಬಂದ್ ಮಾಡಿದ್ರೇನ್ರಿ.'

ಕರೆ ಮಾಡಿದೆ. ಬಹಳ ಹೊತ್ತು ಬಿಟ್ಟು ಎತ್ತಿದಳು. ದನಿ ಸಮಾಧಾನವಾಗಿಯೇ ಇತ್ತು, ಅದಕ್ಕೇ ಹೆದರಿಕೆಯಾಗಿದ್ದು.

"ಬದಲಿ ಸಿಕ್ತೇನಮ್ಮ" ಎಂದೆ.

"ಸಿಕ್ತ್ರಿ. ಹಸರು ಆ್ಯಪಿನ್ಯಾಗ ಹಾಕಿದ್ನಿ. ಬಾಜೂ ರೂಮಿನಾಕಿ ಆ ದೊಡ್ಡ ಗುಂಪಿಗೆ ನನ್ನ ಸೇರಿಸಿದಳ್ರಿ. ಹಾಕಿದ ಕೂಡ್ಲೇ ಒಬ್ಬಾಕಿ ನಿಲ್ತೀನಿ ಅಂದ್ಲು."

"ನಿನ್ ನಂಬರು..."

"ಎಲ್ಲಾರಿಗೂ ಕಂಡೈತ್ರಿ. ಅಂವಗೂ. ಇವತ್ತು ಮುಂಜಾನೆ ಹಬ್ಬದ ಶುಭಾಶಯ ಅಂತ ಹೂವಿನ ಚಿತ್ರ ಕಳಿಸ್ಯಾನ್ರಿ. ಎಲ್ಲಿದ್ದಿ ಇಷ್ಟ ದಿನ ಅಂತ ಕೇಳ್ಯಾನ."

ನಾನು ನಡೆದದ್ದನ್ನೆಲ್ಲ ಹೇಳಿದೆ. ಅತ್ತೆ, ಕುಂಕುಮ, ನಿಂಬೆಹಣ್ಣು. ಹೇಳುತ್ತಾ ಹೇಳುತ್ತಾ ನನಗೇ ನಾಚಿಕೆಯಾಗತೊಡಗಿತು. ಅವಳು ಪೂರ್ತಿ ಕೇಳಿದಳು.

"ಆ ಅಮ್ಮಾರದು ತಪ್ಪಿಲ್ರಿ, ನಮ್ಮೂರಾಗೂ ಹಂಗ ಮಾಡ್ತಾರ" ಎಂದಳು. ಆಮೇಲೆ, "ಆದ್ರ ಆ ಹಸರು ಆ್ಯಪಿಗೆ ದೇವ್ರೂ ಇಲ್ಲ, ದಿಂಡ್ರೂ ಇಲ್ಲ. ಹಬ್ಬಕ್ಕ ಮಲಗಂಗಿಲ್ರಿ ಅದು. ನಿಮ್ಮದು ಮಲಗ್ತೈತಿ" ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಹೇಳಿದ್ದು ಲೆಕ್ಕದ ಮಾತು.

ಮಗುವಿಗೆ ರಕ್ತ ಆಯಿತು, ಚೇತರಿಸಿಕೊಂಡಿತು. ಆದರೆ ಆ ಮನುಷ್ಯ ಬಿಡಲಿಲ್ಲ. ಫೋನಿನಲ್ಲಿ ಮುಗಿಯದ್ದು ಬಸ್‌ಸ್ಟಾಪಿಗೆ ಬಂತು. ನಾವು ಮತ್ತೆ ಆಫೀಸಿಗೆ ಹೋದೆವು, ಈ ಸಲ ಹೆಚ್ಚು ಜನ ಹೋದೆವು. ಅವನನ್ನು ಬೇರೆ ಶೆಡ್ಡಿಗೆ ಹಾಕಿ ವಿಷಯ ಮುಗಿಯಿತೆಂದರು. ಬಸ್‌ಸ್ಟಾಪು ಮಾತ್ರ ಎಲ್ಲರಿಗೂ ಅದೇ. ಒಂದು ಸೋಮವಾರ ಅವಳು ಕೆಲಸಕ್ಕೆ ಬರಲಿಲ್ಲ. ರೂಮು ಖಾಲಿ ಮಾಡಿದ್ದಳು. ನನ್ನ ಹತ್ತಿರವಿದ್ದ ಅವಳ ನಂಬರು ಚಾಲ್ತಿಯಲ್ಲಿಲ್ಲ ಎಂದು ಫೋನಿನ ಹೆಂಗಸು ಮೂರು ಭಾಷೆಯಲ್ಲಿ ಹೇಳಿದಳು.

ಮಿಕ್ಕವರೂ ಜಾರಿದರು. "ಅಕ್ಕ ಬಿಟ್ಬಿಟ್ರಂತೆ" ಎಂಬ ಸುದ್ದಿ ಹಬ್ಬದ ದಿನವೇ ಲೈನಿನವರಲ್ಲಿ ಹರಡಿತ್ತು. ಬಿಟ್ಟಿಲ್ಲ ಎಂದು ಹೇಳುವ ಹೊತ್ತಿಗೆ ಎಲ್ಲರೂ ಹಳೆಯ ಜಾಗಕ್ಕೆ ಮರಳಿಯಾಗಿತ್ತು. ಅಲ್ಲಿ ಗುಲಾಬಿ ಹೂವೂ ಇದೆ, ಬದಲಿಯೂ ಸಿಗುತ್ತದೆ. ಯಾರನ್ನೂ ದೂರುವುದಿಲ್ಲ. ಎಂಟು ಗಂಟೆ ಸ್ಕ್ರೂ ತಿರುಗಿಸಿ ಮನೆಗೆ ಹೋಗಿ ಅಡುಗೆ ಮಾಡುವವರಿಗೆ ಎರಡು ಗುಂಪು ನೋಡುವ ಪುರುಸೊತ್ತು ಎಲ್ಲಿಂದ ಬರಬೇಕು. ನಮ್ಮ ಗುಂಪು ದಿನಗಟ್ಟಲೆ ಒಂದು ಮಾತಿಲ್ಲದೆ ಕೂತಿರುತ್ತಿತ್ತು. ಡಬ್ಬ ಮಾತ್ರ ಗುಂಯ್ ಎನ್ನುತ್ತಿತ್ತು, ನಾನು ಯಾರೂ ಬಾರದ ಮನೆಯ ಸೂರಿಗೆ ತೇಪೆ ಹಾಕುತ್ತಿದ್ದೆ.

ಚಳಿಗಾಲ ಕಳೆಯುತ್ತಿದ್ದಂತೆ ಒಂದು ಸಂಜೆ ಗುಂಪಿನಲ್ಲಿ ಮಾತು ಬಂತು. 'ಅಕ್ಕಾರ, ನಾನ್ರಿ. ಸಿಂಗಸಂದ್ರದಾಗ ಅದೀನಿ. ಕೆಲಸ ಸಿಕ್ಕೈತಿ. ರಕ್ತ ಆತ್ರಿ, ಮನಿಗೆ ಬಂದ್ವಿ.' ಹೆಸರೂ ಪಾಸ್‌ವರ್ಡೂ ನೆನಪಿಟ್ಟುಕೊಂಡಿದ್ದಳು. ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಬದುಕು ಹೂಡಿದ್ದಳು. ನಾನು ಸ್ಟೋರ್ಸಿನ ರ‍್ಯಾಕುಗಳ ನಡುವೆ ನಿಂತು ಕಣ್ಣೀರು ಹಾಕಿದೆ. ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಅದೇ ಮಾತು ಬರತೊಡಗಿತು. ನಾನು 'ಸರಿ ಕಣಮ್ಮ, ಹುಷಾರು' ಎಂದು ಬರೆಯುತ್ತಿದ್ದೆ. ಅಷ್ಟೇ ನಮ್ಮ ಗುಂಪು.

ಈ ವರ್ಷ ನನಗೆ ಸಾಕಾಯಿತು. ಬೆನ್ನು ನೋವು, ಕಣ್ಣು ಮಂಜು, ಡಬ್ಬದ ಫ್ಯಾನೂ ಗೊರಗೊರ ಎನ್ನುತ್ತಿದೆ. ಈ ತಿಂಗಳ ಕೊನೆಗೆ ಗುಂಪು ಮುಚ್ಚುತ್ತೇನೆ, ಫೋಟೋ ಗೀಟೋ ಬೇಕಿದ್ದವರು ಇಳಿಸಿಕೊಳ್ಳಿ ಎಂದು ಹಾಕಿದೆ. ಎರಡು ದಿನದಲ್ಲಿ ಮೂರೋ ನಾಲ್ಕೋ ಹೆಬ್ಬೆಟ್ಟು ಬಂದವು. ಇಷ್ಟು ವರ್ಷದ ದುಡಿಮೆಗೆ ಹೆಬ್ಬೆಟ್ಟು. ನಗಬೇಕೆಂದರೆ ನಗಬಹುದಿತ್ತು.

ಮೂರನೆಯ ದಿನ ಅವಳು ಬರೆದಳು.

'ಬಂದ್ ಮಾಡ್ತೀರೇನ್ರಿ. ಬ್ಯಾಡ ಅನ್ನಂಗಿಲ್ರಿ, ನಿಮಗೂ ಸಾಕಾಗಿರತೈತಿ. ಈ ಹೊಸ ನಂಬರ ನಾನು ಯಾರಿಗೂ ಕೊಟ್ಟಿಲ್ರಿ. ನನ್ನ ತವರು ಮನಿಗೂ ಕೊಟ್ಟಿಲ್ಲ. ರಕ್ತ ಆತು ಅಂತ ಹೇಳಾಕ ನನಗ ಇದೊಂದ ಜಾಗ ಐತ್ರಿ.'

ಊಟದ ಬಿಡುವಿನಲ್ಲಿ ಅದನ್ನು ಓದಿದೆ. ತಂದ ಚಿತ್ರಾನ್ನ ಹಾಗೇ ಉಳಿಯಿತು. ಇದಕ್ಕೆ ಸುಲಭದ ದಾರಿ ಇತ್ತು. 'ನಿನ್ ನಂಬರು ನನಗೊಬ್ಬಳಿಗೆ ಕೊಡಮ್ಮ, ನಾನೇ ಫೋನ್ ಮಾಡ್ತೀನಿ' ಎಂದು ಟೈಪು ಮಾಡಿದೆ. ಡಬ್ಬ ಆರಿಸಬಹುದು, ನಾನು ಮಲಗಬಹುದು. ಕಳಿಸಲು ಬೆರಳೆತ್ತಿದವಳು ಹಾಗೇ ನೋಡುತ್ತಾ ಕೂತೆ. ಆ ಮನುಷ್ಯನೂ ಅವಳದ್ದು ಮೊದಲು ಹಿಡಿದುಕೊಂಡದ್ದು ಇದನ್ನೇ ಅಲ್ಲವೆ, ನಂಬರನ್ನು. ನಾನು ಕೇಳಿದರೆ ಅವಳು ಕೊಟ್ಟೇಬಿಡುತ್ತಾಳೆ, ಅಕ್ಕ ಕೇಳಿದಳು ಎಂಬ ಮುಲಾಜಿಗೆ.

ಒಂದೊಂದೇ ಅಕ್ಷರ ಅಳಿಸಿದೆ. 'ಬಂದ್ ಮಾಡಲ್ಲ' ಎಂದು ಬರೆದು ಕಳಿಸಿದೆ. ಸಂತೋಷವೇನೂ ಆಗಲಿಲ್ಲ, ಸುಸ್ತಾಗಿತ್ತು. ಬಿಡುವು ಮುಗಿದ ಬೆಲ್ಲು ಹೊಡೆಯುವುದರೊಳಗೆ, ಡಬ್ಬಕ್ಕೆ ಹೊಸ ಫ್ಯಾನು ಬೇಕೆಂದು ಎಸ್‌ಪಿ ರೋಡಿನ ಅಂಗಡಿಯವನಿಗೆ ಫೋನು ಮಾಡಿದೆ.